ಲಿ ಟಿಯೆ: ಎವರ್ಟನ್‌ನಿಂದ ಶಾರ್ಜಾಕ್ಕೆ, ಅಲ್ಲಿಂದ ಜೈಲಿಗೆ

(ಬಳಗದ ವಾರ್ಷಿಕ ಕ್ರೀಡಾಕೂಟದ ಸಂಜೆ ಶಾರ್ಜಾದಲ್ಲಿ ಮಾಡಿದ ಭಾಷಣದ ಬರಹರೂಪ)



ಫುಟ್‌ಬಾಲ್ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದಾಗ ಅವರ ಮನಸ್ಸಲ್ಲಿ ಮೆಸ್ಸಿಯೋ ರೊನಾಲ್ಡೋನೋ ಇದ್ದಿರಬೇಕು. ಅವರಿಬ್ಬರ ವಿಷಯ ನಿಮ್ಮ ನಿಮ್ಮ ರೂಮಿನ ಮಲಯಾಳಿ ಗೆಳೆಯರು ನನಗಿಂತ ಚೆನ್ನಾಗಿ ಹೇಳ್ತಾರೆ. ನಾನು ಹೇಳೋದು ಒಬ್ಬ ಚೀನಾ ಆಟಗಾರನ ಕಥೆ. ಹೆಸರು ಲಿ ಟಿಯೆ. ಚೀನಾದಲ್ಲಿ ಮನೆತನದ ಹೆಸರು ಮೊದಲು ಬರುತ್ತೆ. ಲಿ ಮನೆತನ, ಟಿಯೆ ಇವನ ಹೆಸರು. ಟಿಯೆ ಅಂದರೆ ಕಬ್ಬಿಣ. ಇಷ್ಟು ಜನ ಇರುವಾಗ ಇವನೇ ಯಾಕೆ ಅಂದರೆ, 2021ರಲ್ಲಿ ಇವನು ನಮ್ಮ ಹಾಗೇ ಕೆಲಸದ ಮೇಲೆ ಈ ಶಾರ್ಜಾಕ್ಕೆ ಬಂದಿದ್ದ. ಇವತ್ತು ತನ್ನ ದೇಶದ ಜೈಲಲ್ಲಿ ಇಪ್ಪತ್ತು ವರ್ಷದ ಶಿಕ್ಷೆ ಅನುಭವಿಸ್ತಿದ್ದಾನೆ.

ಹುಟ್ಟಿದ್ದು 1977ರಲ್ಲಿ, ಚೀನಾದ ಈಶಾನ್ಯ ಭಾಗದ ಶೆನ್ಯಾಂಗ್‌ನಲ್ಲಿ. ದೊಡ್ಡ ದೊಡ್ಡ ಕಾರ್ಖಾನೆಗಳ ಊರು ಅದು. 1993ರಲ್ಲಿ ಚೀನಾದ ಜಿಯಾನ್‌ಲಿಬಾವೊ ಅನ್ನೋ ತಂಪುಪಾನೀಯದ ಕಂಪನಿ ದುಡ್ಡು ಹಾಕಿ, ಇಪ್ಪತ್ತರಷ್ಟು ಹುಡುಗರನ್ನು ಆಟ ಕಲಿಯೋಕೆ ಬ್ರೆಜಿಲ್‌ಗೆ ಕಳಿಸಿತು. ಅದರಲ್ಲಿ ಲಿ ಟಿಯೆ ಒಬ್ಬ. ವಯಸ್ಸು ಹದಿನಾರು. ಭೂಮಿಯ ಆ ಕಡೆ ಇರುವ ದೇಶ, ಗೊತ್ತಿಲ್ಲದ ಭಾಷೆ, ವಾಟ್ಸಾಪ್ ಇಲ್ಲದ ಕಾಲ. ಹದಿನಾರಕ್ಕೆ ಊರು ಬಿಟ್ಟು ಮುಂಬೈ ಹೋಟೆಲಿನಲ್ಲಿ ಟೇಬಲ್ ಒರೆಸಿ ಆಮೇಲೆ ಇಲ್ಲಿಗೆ ಬಂದವರು ಈ ಸಭೆಯಲ್ಲೂ ಇದ್ದಾರೆ. ಅವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಐದು ವರ್ಷ ಆದ ಮೇಲೆ ವಾಪಸ್ ಬಂದು ತನ್ನ ಪ್ರಾಂತ್ಯದ ಲಿಯಾವೊನಿಂಗ್ ತಂಡ ಸೇರಿದ. ಕೆಳಗಿನ ಡಿವಿಜನ್‌ನಿಂದ ಆಗಷ್ಟೇ ಮೇಲೆ ಬಂದ ಆ ತಂಡ 1999ರಲ್ಲಿ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. ಲಿ ಟಿಯೆ ಗೋಲು ಹೊಡೆಯೋ ಆಟಗಾರ ಅಲ್ಲ. ಮಧ್ಯದಲ್ಲಿ ನಿಂತು ಎದುರಾಳಿಯಿಂದ ಚೆಂಡು ಕಿತ್ತುಕೊಂಡು ಪಕ್ಕದವನಿಗೆ ಕೊಡೋದು, ಮತ್ತೆ ಓಡೋದು. ಕಟ್ಟಡ ಎದ್ದ ಮೇಲೆ ಒಳಗಿನ ಕಂಬಿ ಯಾರಿಗೂ ಕಾಣಲ್ಲ ನೋಡಿ, ಆ ತರದ ಕೆಲಸ. ಚೀನಾ ಇಲ್ಲಿವರೆಗೆ ಒಂದೇ ಸಲ, 2002ರಲ್ಲಿ, ಪುರುಷರ ವಿಶ್ವಕಪ್ ಆಡಿದೆ. ಆ ತಂಡದಲ್ಲಿ ಇವನಿದ್ದ. ಮೂರು ಪಂದ್ಯ, ಮೂರೂ ಸೋಲು, ಒಂಬತ್ತು ಗೋಲು ಬಿಟ್ಟುಕೊಟ್ಟರು, ಒಂದೂ ಹೊಡೆಯಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಅದೇ ವರ್ಷ ಇಂಗ್ಲೆಂಡಿನ ಎವರ್ಟನ್ ಕ್ಲಬ್‌ಗೆ ಹೋದ. ಹೋದ ದಾರಿ ಸ್ವಲ್ಪ ಕೇಳಿ. ಕೆಜಿಯಾನ್ ಅಂತ ಒಂದು ಚೀನಾ ಮೊಬೈಲ್ ಕಂಪನಿ ಎವರ್ಟನ್ ಅಂಗಿಯ ಮೇಲೆ ತನ್ನ ಹೆಸರು ಹಾಕಿಸಿಕೊಂಡಿತ್ತು. ಆ ವ್ಯವಹಾರದ ಜೊತೆಗೆ ಲಿ ಟಿಯೆ, ಲಿ ವೈಫೆಂಗ್ ಅಂತ ಇಬ್ಬರು ಆಟಗಾರರು ಒಂದು ವರ್ಷದ ಸಾಲದ ಮೇಲೆ ಬಂದರು. ಒಬ್ಬ ಕಂಪನಿಯ ವೀಸಾ, ಇನ್ನೊಬ್ಬನ ಸೈಟ್‌ನಲ್ಲಿ ದುಡಿಮೆ: ನಮ್ಮ ಸಪ್ಲೈ ಕಂಪನಿ ಹುಡುಗರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಹಾಗೆ ಬಂದವನನ್ನು ಜನ ಹೇಗೆ ನೋಡ್ತಾರೆ? ಚೀನಾದಲ್ಲಿ ಮೊಬೈಲ್ ಮಾರೋಕೆ ತಂದ ಬೊಂಬೆ ಅಂತ. ಲಿ ವೈಫೆಂಗ್‌ಗೆ ಲೀಗ್‌ನಲ್ಲಿ ಆಡೋಕೆ ಸಿಕ್ಕಿದ್ದು ಒಂದೇ ಒಂದು ಪಂದ್ಯ. ಆದರೆ ಲಿ ಟಿಯೆ ಮೊದಲ ವರ್ಷವೇ 29 ಲೀಗ್ ಪಂದ್ಯ ಆಡಿದ. ಕೋಚ್ ಡೇವಿಡ್ ಮೋಯ್ಸ್ ಸ್ಪಾನ್ಸರ್ ಮುಖ ನೋಡಿ 29 ಸಲ ಒಬ್ಬನನ್ನು ಇಳಿಸುವ ಮನುಷ್ಯ ಅಲ್ಲ. ಆ ವರ್ಷ ಎವರ್ಟನ್ ಏಳನೇ ಸ್ಥಾನಕ್ಕೆ ಬಂತು. ಹದಿನಾರರ ಹುಡುಗ ವೇಯ್ನ್ ರೂನಿ ಮೈದಾನಕ್ಕಿಳಿದದ್ದೂ ಅದೇ ವರ್ಷ. ಋತು ಮುಗಿದ ಮೇಲೆ ಕ್ಲಬ್ ಲಿ ಟಿಯೆಯನ್ನು ಉಳಿಸಿಕೊಂಡಿತು. ಅವನ ಇಡೀ ಜೀವನದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಬಂದದ್ದು ಯಾರ ದುಡ್ಡಿನಿಂದಲೋ, ಉಳಿದದ್ದು ತನ್ನ ಕಾಲಿನಿಂದ.

2003ರ ಹೊಸವರ್ಷದ ದಿನ ಎವರ್ಟನ್ ಮೈದಾನಕ್ಕೆ ಮ್ಯಾಂಚೆಸ್ಟರ್ ಸಿಟಿ ಬಂತು. ಆ ತಂಡದಲ್ಲಿ ಇನ್ನೊಬ್ಬ ಚೀನಾದವನು, ಸುನ್ ಜಿಹಾಯ್. ಇಬ್ಬರೂ 1977ರಲ್ಲಿ ಹುಟ್ಟಿದವರು, ಒಂದೇ ಪ್ರಾಂತ್ಯದವರು. ಪಂದ್ಯ 2-2. ಚೀನಾದಲ್ಲಿ ಕೋಟ್ಯಂತರ ಜನ ಅದನ್ನು ಟಿವಿಯಲ್ಲಿ ನೋಡಿದರು. 

ಆಮೇಲೆ ಗಾಯ. 2004ರ ಆರಂಭದಲ್ಲಿ, ತನ್ನ ದೇಶದ ತಂಡದ ಕೆಲಸಕ್ಕೆ ಹೋದಾಗಲೇ, ಕಾಲು ಮುರಿಯಿತು. 2006ರವರೆಗೂ ಎವರ್ಟನ್‌ನಲ್ಲಿ ಹೆಸರಿಗೆ ಇದ್ದ. ನಂತರ ಶೆಫೀಲ್ಡ್ ಯುನೈಟೆಡ್. ಅಲ್ಲಿ ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ದೇಹ ಗಟ್ಟಿ ಇರುವವರೆಗೆ ಎಲ್ಲರಿಗೂ ಬೇಕು. ಸ್ಕ್ಯಾಫೋಲ್ಡಿಂಗ್‌ನಿಂದ ಬಿದ್ದವನ ಕಥೆ ಏನಾಗುತ್ತೆ ಅಂತ ಕ್ಯಾಂಪಿನಲ್ಲಿ ನೋಡಿದವರಿಗೆ ಗೊತ್ತು.

ಊರಿಗೆ ವಾಪಸಾದ. 'ಇಂಗ್ಲೆಂಡಿನಲ್ಲಿ ಆಡಿ ಬಂದವನು' ಅನ್ನೋ ಹೆಸರು ಜೊತೆಗಿತ್ತು. ಆಟ ಬಿಟ್ಟ ಮೇಲೆ ಇಟಲಿಗೆ ವಿಶ್ವಕಪ್ ಗೆಲ್ಲಿಸಿದ ಮಾರ್ಚೆಲ್ಲೊ ಲಿಪ್ಪಿ ಕೈಕೆಳಗೆ ಸಹಾಯಕ ಕೋಚ್ ಆದ. ಆಮೇಲೆ ತಾನೇ ಮುಖ್ಯ ಕೋಚ್. 2015ರಲ್ಲಿ ಹೆಬೈ ತಂಡವನ್ನು, 2018ರಲ್ಲಿ ವುಹಾನ್ ತಂಡವನ್ನು ಮೇಲಿನ ಲೀಗ್‌ಗೆ ಏರಿಸಿದ. ಕಠಿಣ ಮನುಷ್ಯ, ಶಿಸ್ತಿನ ಮನುಷ್ಯ ಅಂತ ಹೆಸರು ಬಂತು.

ಇಲ್ಲಿಂದ ಕಥೆ ನಮ್ಮ ಎಮಿರೇಟ್ಸ್‌ಗೆ ಬರುತ್ತೆ. 2019ರ ನವೆಂಬರ್‌ನಲ್ಲಿ ಚೀನಾ ದುಬೈನಲ್ಲಿ ಸಿರಿಯಾ ಕೈಲಿ ಸೋತಿತು. ರಾಷ್ಟ್ರೀಯ ತಂಡದ ಕೋಚ್ ಆಗಿದ್ದ ಲಿಪ್ಪಿ ಅಲ್ಲೇ ಪತ್ರಕರ್ತರ ಮುಂದೆ ರಾಜೀನಾಮೆ ಕೊಟ್ಟು ಎದ್ದು ಹೋದರು. ಖಾಲಿಯಾದ ಕುರ್ಚಿಗೆ 2020ರ ಜನವರಿಯಲ್ಲಿ ಲಿ ಟಿಯೆ ಬಂದ. ಮುಂದಿನ ವರ್ಷ ಕೋವಿಡ್. ಕ್ವಾರಂಟೈನ್ ನಿಯಮದಿಂದ ಚೀನಾದಲ್ಲಿ ಪಂದ್ಯ ನಡೆಸೋಕೆ ಆಗದೆ ಅವರ ಹಲವು 'ತವರು' ಪಂದ್ಯಗಳು ಶಾರ್ಜಾದಲ್ಲಿ ನಡೆದವು. ಆ ತಂಡದಲ್ಲಿ ಎಲ್ಕೆಸನ್ ಅಂತ ಒಬ್ಬ ಇದ್ದ, ಬ್ರೆಜಿಲ್‌ನವನು, ದುಡಿಯೋಕೆ ಚೀನಾಕ್ಕೆ ಹೋಗಿ ಆ ದೇಶದ ಪೌರತ್ವವನ್ನೇ ಪಡೆದವನು. ಬ್ರೆಜಿಲ್‌ನಲ್ಲಿ ಆಟ ಕಲಿತ ಚೀನಾದವನು ಕೋಚ್, ಚೀನಾದವನಾದ ಬ್ರೆಜಿಲಿಗ ಆಟಗಾರ, ಇಬ್ಬರೂ ಸೇರಿದ್ದು ನಮ್ಮ ಶಾರ್ಜಾದಲ್ಲಿ. ಅಕ್ಟೋಬರ್‌ನಲ್ಲಿ ಇಲ್ಲಿ ವಿಯೆಟ್ನಾಂ ಮೇಲೆ 3-2ರ ಗೆಲುವು, ಕೊನೆ ಗಳಿಗೆಯಲ್ಲಿ ವು ಲೈ ಹೊಡೆದ ಗೋಲಿನಿಂದ. ನವೆಂಬರ್‌ನಲ್ಲಿ ಒಮಾನ್ ಜೊತೆ 1-1, ಆಸ್ಟ್ರೇಲಿಯಾ ಜೊತೆ 1-1. ಕತಾರ್ ವಿಶ್ವಕಪ್ ಆಸೆ ಹೆಚ್ಚುಕಡಿಮೆ ಮುಗಿಯಿತು. ಡಿಸೆಂಬರ್‌ನಲ್ಲಿ ಕೆಲಸ ಬಿಟ್ಟ.

2022ರ ನವೆಂಬರ್‌ನಲ್ಲಿ ತನಿಖೆ ಶುರುವಾಯಿತು. 2024ರ ಜನವರಿಯಲ್ಲಿ ಚೀನಾದ ಸರ್ಕಾರಿ ಟಿವಿಯಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಅವನೇ ಕ್ಯಾಮೆರಾ ಮುಂದೆ ಕೂತು ಹೇಳಿದ. ರಾಷ್ಟ್ರೀಯ ಕೋಚ್ ಹುದ್ದೆಗಾಗಿ ಒಟ್ಟು 30 ಲಕ್ಷ ಯುವಾನ್ ಲಂಚ ಹೋಗಿತ್ತು. ವುಹಾನ್ ಕ್ಲಬ್‌ನಿಂದ 20 ಲಕ್ಷ, ಇವನ ಕೈಯಿಂದ 10 ಲಕ್ಷ. ಹುದ್ದೆ ಸಿಕ್ಕ ಮೇಲೆ ವುಹಾನ್ ಆಟಗಾರರನ್ನು ದೇಶದ ತಂಡಕ್ಕೆ ಕರೆದುಕೊಂಡ. ಹಿಂದೆ ಕ್ಲಬ್‌ಗಳನ್ನು ಮೇಲೇರಿಸಿದಾಗಲೂ ಪಂದ್ಯ ಕೊಂಡುಕೊಳ್ಳುವ ವ್ಯವಹಾರ ನಡೆದಿತ್ತು ಅಂತ ಹೊರಬಂತು. ಆ ಕಾಲದ ಫುಟ್‌ಬಾಲ್‌ನಲ್ಲಿ ಇವೆಲ್ಲ ಮಾಮೂಲಿ ಆಗಿದ್ದವು ಅಂತ ಅಂದ, ಕ್ಷಮೆಯನ್ನೂ ಕೇಳಿದ. ಟಿವಿಯಲ್ಲಿ ಮೊದಲು ತಪ್ಪೊಪ್ಪಿಗೆ, ಕೋರ್ಟಿನಲ್ಲಿ ಆಮೇಲೆ ತೀರ್ಪು. ಅಲ್ಲಿನ ಆ ಪದ್ಧತಿ ನನಗೆ ಸರಿ ಕಾಣಲ್ಲ, ಅದು ಬೇರೆ ಮಾತು. ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷನಾಗಿದ್ದ ಚೆನ್ ಶುಯುವಾನ್‌ಗೆ 2024ರ ಮಾರ್ಚ್‌ನಲ್ಲಿ ಜೀವಾವಧಿ ಶಿಕ್ಷೆ ಆಯಿತು. ಡಿಸೆಂಬರ್‌ನಲ್ಲಿ ಲಿ ಟಿಯೆಗೆ ಇಪ್ಪತ್ತು ವರ್ಷ. 2025ರಲ್ಲಿ ಮೇಲ್ಮನವಿಯೂ ವಜಾ ಆಯಿತು.

ಈ 10 ಲಕ್ಷದ ಮೇಲೆ ನಾನು ಬಹಳ ಯೋಚನೆ ಮಾಡಿದ್ದೇನೆ. ನಮ್ಮಲ್ಲಿ ಎಷ್ಟು ಜನ ವೀಸಾಕ್ಕೆ ಏಜೆಂಟನಿಗೆ ದುಡ್ಡು ಕೊಟ್ಟು ಬಂದಿಲ್ಲ? ಕೈ ಎತ್ತಿ ಅಂದರೆ ಹಾಲ್‌ನಲ್ಲಿ ನಾಲ್ಕು ಕೈ ಏಳಲಿಕ್ಕಿಲ್ಲ. ಹೆಂಡತಿ ಬಳೆ ಅಡವಿಟ್ಟು ಕೊಟ್ಟವರಿದ್ದಾರೆ. ನಾವು ಅದನ್ನು ನಮ್ಮ ಓವರ್‌ಟೈಮ್‌ನಿಂದ ತೀರಿಸ್ತೀವಿ, ಎರಡು ವರ್ಷ ಊರಿಗೆ ಹೋಗದೆ ತೀರಿಸ್ತೀವಿ. ಆದರೆ ಇನ್ನೊಬ್ಬರ ಹೆಸರು ಪಟ್ಟಿಯಲ್ಲಿ ಸೇರಿಸುವ, ಹೊಡೆಯುವ ಅಧಿಕಾರದ ಕುರ್ಚಿಗೇ ದುಡ್ಡು ಕೊಟ್ಟವನು ಎಲ್ಲಿಂದ ತೀರಿಸ್ತಾನೆ? ಪಟ್ಟಿಯಿಂದಲೇ. ನಾನು ಮೊದಲು ಇದ್ದ ಒಂದು ಸೈಟ್‌ನಲ್ಲಿ ಫೋರ್‌ಮನ್ ಒಬ್ಬ ಇದ್ದ. ತಾನು ಮೇಲೆ ಕೊಟ್ಟಿದ್ದೇನೆ ಅಂತ ಹೇಳಿಕೊಂಡೇ ಓವರ್‌ಟೈಮ್ ಪಟ್ಟಿಗೆ ಹೆಸರು ಹಾಕೋಕೆ ತಿಂಗಳಿಗೆ ಐವತ್ತು ದಿರ್ಹಮ್ ವಸೂಲಿ ಮಾಡುತ್ತಿದ್ದ. ಕೊಡದವನಿಗೆ ಓವರ್‌ಟೈಮ್ ಇಲ್ಲ, ಎಷ್ಟೇ ಚೆನ್ನಾಗಿ ಕೆಲಸ ಮಾಡಲಿ. ಶಾರ್ಜಾದಲ್ಲಿ ಒಮಾನ್ ವಿರುದ್ಧ ಚೀನಾ ಒದ್ದಾಡುತ್ತಿದ್ದಾಗ, ದುಡ್ಡು ಕೊಡದ ಕಾರಣಕ್ಕೆ ಮನೆಯಲ್ಲಿ ಕೂತು ಪಂದ್ಯ ನೋಡುತ್ತಿದ್ದ ಆಟಗಾರ ಯಾರಾದರೂ ಇದ್ದನೋ ಏನೋ. ನನ್ನ ಸಂಕಟ ಅವನ ಬಗ್ಗೆ.

ಲಿ ಟಿಯೆ ಬಗ್ಗೆ ಸಂಕಟ ಇಲ್ಲವೇ ಅಂದರೆ ಅದೂ ಇದೆ. ಯಾರ ಶಿಫಾರಸೂ ನಡೆಯದ ಕಡೆ 29 ಪಂದ್ಯ ದುಡಿದು ತೋರಿಸಿದವನು ತನ್ನ ಊರಲ್ಲಿ ಕುರ್ಚಿ ಕೊಂಡುಕೊಂಡ. ಅಲ್ಲಿ ಹಾಗೇ ನಡೀತಿತ್ತು ಅಂತ ಅವನು ಹೇಳಿದ್ದು ಸುಳ್ಳಲ್ಲ. ಅವನೊಬ್ಬನೇ ಜೈಲಿಗೆ ಹೋಗಿಲ್ಲ ಅನ್ನೋದೇ ಅದಕ್ಕೆ ಸಾಕ್ಷಿ. ಹಾಗಂತ ಅದು ಅವನನ್ನು ಬಿಡಿಸುವ ಮಾತೂ ಅಲ್ಲ.

ಸುನ್ ಜಿಹಾಯ್ ಏನಾದ ಅಂತ ಕೇಳ್ತೀರಿ. ಅವನಿಗೂ 2004ರಲ್ಲಿ ಮಂಡಿಯ ಗಾಯ ಆಗಿ ಒಂದು ಋತುವೇ ಹೋಯಿತು. ಆದರೂ 2008ರವರೆಗೆ ಮ್ಯಾಂಚೆಸ್ಟರ್‌ನಲ್ಲಿ ಉಳಿದ. ಊರಿಗೆ ಹೋಗಿ ಸುಮಾರು ಮೂವತ್ತೊಂಬತ್ತರವರೆಗೂ ಆಡಿದ. ಈಗ ಚೀನಾದ ದೂರದ ಬಡ ಪ್ರದೇಶಗಳಿಂದ ಮಕ್ಕಳನ್ನು ಹುಡುಕಿ ತಂದು ಫುಟ್‌ಬಾಲ್ ಕಲಿಸ್ತಿದ್ದಾನೆ.

ನನ್ನ ಹತ್ತು ನಿಮಿಷ ಯಾವಾಗಲೋ ಮುಗಿದಿದೆ, ಕಾರ್ಯದರ್ಶಿಗಳು ಎರಡು ಸಲ ಗಡಿಯಾರ ನೋಡಿದರು. ಹೊರಗೆ ಚಹಾ, ಗೋಳಿಬಜೆ ರೆಡಿ ಇದೆಯಂತೆ. ಏಳು ಗಂಟೆಗೆ ನಮ್ಮ ಹುಡುಗರ ಫೈನಲ್ ಇದೆ. ಎಲ್ಲರೂ ಕೂತು ನೋಡಿ.