ಸ್ಟಾರ್ಟ್ ಆಗಿ ನಿಂತುಹೋಗುವ ಗರಗಸದ ಮಿಷನ್
(ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿ)



ನಾಗಮಂಗಲ, ಕೆ.ಆರ್. ಪೇಟೆ ಕಡೆಯ ತೋಟಗಳಲ್ಲಿ ಒಣಗಿದ ತೆಂಗಿನ ಮರ ತುಂಡು ಮಾಡಲು ಈಗ ಕೊಡಲಿ ಹಿಡಿಯುವವರು ಕಮ್ಮಿ. ಪೆಟ್ರೋಲ್ ಗರಗಸವೇ ಬೇಕು ಅಂತಾರೆ. ಸಂಘದಿಂದ ಸಾಲ ತೆಗೆದು ಮಿಷನ್ ತಂದು ಬಾಡಿಗೆಗೆ ಬಿಟ್ಟಿದ್ದರೆ, ಅದು ಒಂದು ವಾರ ಮೂಲೆ ಸೇರಿದರೂ ಬಾಡಿಗೆ ತಪ್ಪುತ್ತೆ, ಕಂತು ಮಾತ್ರ ತಪ್ಪಲ್ಲ. ಹಾಗಾಗಿ ಇವತ್ತು ಒಂದೇ ತೊಂದರೆ ನೋಡೋಣ: ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತೆ, ಸ್ವಲ್ಪ ಹೊತ್ತಿಗೆ ನಿಂತೋಗುತ್ತೆ.

ಸ್ಟಾರ್ಟ್ ಆಯಿತು ಎಂದರೆ ಇಂಜಿನ್ನಿಗೆ ಜೀವ ಇದೆ. ಹೆಚ್ಚಿನ ಸಲ ಪೆಟ್ರೋಲ್ ಇಲ್ಲವೇ ಗಾಳಿ ಸಾಲದೆ ನಿಲ್ಲುತ್ತದೆ. ನಾಲೆಯ ತೂಬಿಗೆ ಕಸ ಕಟ್ಟಿದರೆ ಗದ್ದೆಯಲ್ಲಿ ನಿಂತ ನೀರು ಇರುವವರೆಗೆ ಪೈರು ಹಸಿರಾಗಿರುತ್ತೆ, ಆಮೇಲೆ ಬಾಡುತ್ತೆ. ಇದೂ ಹಾಗೇ. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ತೀರುವವರೆಗೆ ಓಡಿ ನಿಲ್ಲುತ್ತದೆ. ಆದ್ದರಿಂದ ಖರ್ಚಿಲ್ಲದ ಕಡೆಯಿಂದ ಹುಡುಕುತ್ತಾ ಬರೋಣ.

ಮೊದಲು ಮಿಷನ್ ಆರಿಸಿ, ತಣ್ಣಗಾಗಲು ಬಿಡಿ, ಪ್ಲಗ್ ವೈರ್ ತೆಗೆದಿಡಿ. ಒಲೆ, ಬೀಡಿ ಹತ್ತಿರ ಬೇಡ.

1. ಚೋಕ್: ಮೊದಲ ಸದ್ದು ಬಂದ ಕೂಡಲೇ ಚೋಕ್ ಹಿಂದಕ್ಕೆ ಬರಬೇಕು. ಹಾಗೇ ಬಿಟ್ಟರೆ ಪೆಟ್ರೋಲ್ ಹೆಚ್ಚಾಗಿ ಕಟ್ಟಿಕೊಂಡು ನಿಲ್ಲುತ್ತದೆ.

2. ಪೆಟ್ರೋಲ್: ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ನಮ್ಮ ಕಬ್ಬಿನಿಂದಲೂ ಆಗುವ ವಸ್ತುವೇ ಅದು. ಆದರೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬಹಳ ದಿನ ಇಟ್ಟರೆ ನೀರು ಕೂಡಿ ತಳಕ್ಕೆ ಇಳಿಯುತ್ತದೆ. ಒಂದು ತಿಂಗಳಿಗಿಂತ ಹಳೆಯದನ್ನು ಹಾಕಬೇಡಿ. ಆಯಿಲ್ ಅಳತೆ ಮಿಷನ್ ಜೊತೆ ಬಂದ ಪುಸ್ತಕದಲ್ಲಿರುತ್ತೆ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಅಂದಾಜಿಗೆ ಸುರಿಯುವುದು ಬೇಡ.

3. ಟ್ಯಾಂಕ್ ಮುಚ್ಚಳ: ಪೆಟ್ರೋಲ್ ಇಳಿದಂತೆ ಒಳಗೆ ಗಾಳಿ ಹೋಗಲು ಸಣ್ಣ ದಾರಿ ಇರುತ್ತದೆ. ನಿಂತ ಮಿಷನ್ ತಣ್ಣಗಾದ ಮೇಲೆ ಮುಚ್ಚಳ ಸಡಿಲಿಸಿದಾಗ 'ಸುಸ್' ಎಂದು ಗಾಳಿ ಒಳಗೆಳೆದುಕೊಂಡು, ಮುಚ್ಚಿ ಎಳೆದರೆ ಮತ್ತೆ ಓಡಿದರೆ, ಆ ದಾರಿ ಮುಚ್ಚಿದೆ ಎಂದು ತಿಳಿಯಿರಿ.

4. ಪೆಟ್ರೋಲ್ ಫಿಲ್ಟರ್: ಟ್ಯಾಂಕಿನೊಳಗೆ ಪೈಪಿನ ತುದಿಯಲ್ಲಿರುತ್ತದೆ. ಬಗ್ಗಿಸಿದ ತಂತಿಯಿಂದ ಮೆಲ್ಲಗೆ ಹೊರಗೆಳೆದು ನೋಡಿ. ಕಪ್ಪಾಗಿದ್ದರೆ ಬದಲಿಸಿ. ಪೈಪ್ ಬಿರುಕು ಬಿಟ್ಟಿದೆಯೇ ಎಂದೂ ನೋಡಿ.

5. ಏರ್ ಫಿಲ್ಟರ್: ಮರದ ಹೊಟ್ಟು ತುಂಬಿರುತ್ತೆ. ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ.

6. ಪ್ಲಗ್, ಸೈಲೆನ್ಸರ್: ಪ್ಲಗ್ ತುದಿ ಕಂದು ಬಣ್ಣವಿದ್ದರೆ ಒಳ್ಳೆಯದು. ಮಸಿ ಕಟ್ಟಿದ್ದರೆ ಒರೆಸಿ. ಸೈಲೆನ್ಸರಿನ ಜಾಲರಿಗೆ ಮಸಿ ಕಟ್ಟಿದರೂ ಇಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ.

ಕಾರ್ಬುರೇಟರ್ ಪಕ್ಕದಲ್ಲಿ ಎಲ್, ಎಚ್ ಎಂಬ ಸ್ಕ್ರೂಗಳಿರುತ್ತವೆ. ಅವನ್ನು ತಿರುಗಿಸಲು ಹೋಗಬೇಡಿ. ಪೆಟ್ರೋಲ್ ಕಮ್ಮಿಯಾಗಿ ಬಿಸಿ ಏರಿದರೆ ಪಿಸ್ಟನ್ನೇ ಹಾಳಾದೀತು. ಆರನ್ನೂ ನೋಡಿದ ಮೇಲೂ ನಿಂತರೆ ಮೆಕ್ಯಾನಿಕ್ ಹತ್ತಿರ ಹೋಗಿ. "ಕೆಟ್ಟೋಗಿದೆ" ಎನ್ನಬೇಡಿ. ಎಷ್ಟು ನಿಮಿಷಕ್ಕೆ ನಿಂತಿತು, ಎಕ್ಸಲೇಟರ್ ಬಿಟ್ಟಾಗಲೋ ಒತ್ತಿದಾಗಲೋ, ನಾವು ಏನೇನು ನೋಡಿದೆವು ಎಂದು ಹೇಳಿ. ಗೊತ್ತಿರುವವರ ಹತ್ತಿರ ಬೇಡದ ಸಾಮಾನು ಬದಲಿಸುವುದು ಕಷ್ಟ.

ಮುಂದಿನ ಸಭೆಯಲ್ಲಿ ಎರಡು ತೀರ್ಮಾನ ಬರೆದುಕೊಳ್ಳೋಣ. ಪೆಟ್ರೋಲ್ ಬೆರೆಸುವ ಜವಾಬ್ದಾರಿ ಒಬ್ಬರದೇ ಇರಲಿ, ಕ್ಯಾನಿನ ಮೇಲೆ ಬೆರೆಸಿದ ತಾರೀಖು ಇರಲಿ. ಕೆಲಸದ ಕಾಲ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಎತ್ತಿಡಿ. ಬಾಡಿಗೆ ಹಣ ರಿಪೇರಿಗೆ ಹೋಗದೆ ನಮ್ಮ ಉಳಿತಾಯದ ಪುಸ್ತಕ ಸೇರಲಿ.