ಒಂದೇ ಕೋಣೆ, ಹಲವು ಪಾಠ

 

ಮಾಸ್ತರರು ಒಬ್ಬರೇ, ಇಯತ್ತೆಗಳು ಹಲವು: ಹಳ್ಳಿಶಾಲೆಗಳಿಗೆ ಇದು ಹಳೆಯ ಪಾಡು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕಾ ಕ್ರಮ ಆ ಪಾಡನ್ನೇ ಪದ್ಧತಿಯಾಗಿಸಿತು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಐದು ‘ತಟ್ಟೆ’ಗಳಲ್ಲಿ, ಅಂದರೆ ಗುಂಪುಗಳಲ್ಲಿ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು. ಇನ್ನೊಂದರಲ್ಲಿ ಗೆಳತಿಯೇ ಕಾರ್ಡು ಹಿಡಿದು ಅಕ್ಷರ ತಿದ್ದಿಸುತ್ತಾಳೆ. ಮತ್ತೊಂದು ಗುಂಪಿನದು ಸ್ವಕಲಿಕೆ.

ಗದ್ದಲ ಇದ್ದೇ ಇರುತ್ತದೆ. ಆದರೆ ತಿದ್ದಿಸುವವಳ ಅಕ್ಷರವೂ ಅಲ್ಲಿ ಗಟ್ಟಿಯಾಗುತ್ತದೆ. ಎಲ್ಲವನ್ನೂ ನಾವೇ ಹೇಳಿಕೊಡಬೇಕೆಂಬ ಹಟ ಬಿಟ್ಟರೆ, ಮಕ್ಕಳು ಒಬ್ಬರಿಗೊಬ್ಬರು ಗುರುಗಳಾಗುತ್ತಾರೆ.