ಬೇಸ್‌ಬಾಲ್ ಟಿ.ವಿ.ಯಲ್ಲಿ ಏಕೆ ಹಿಂದೆ ಬಿತ್ತು?

(ಉಪನ್ಯಾಸವೊಂದರ ಬರಹ ರೂಪ)



ಅಮೆರಿಕದವರು ಬೇಸ್‌ಬಾಲನ್ನು ತಮ್ಮ ರಾಷ್ಟ್ರೀಯ ಕ್ರೀಡೆ ಎಂದು ಹೇಳಿಕೊಳ್ಳುತ್ತ ಬಂದು ನೂರೈವತ್ತು ವರ್ಷಗಳೇ ಆಗಿವೆ. ಆದರೆ ಆ ದೇಶದ ಟಿ.ವಿ. ಪರದೆಯನ್ನು ಆಳುತ್ತಿರುವುದು ಇನ್ನೊಂದು ಆಟ. ಅದನ್ನೂ ಅವರು ಫುಟ್‌ಬಾಲ್ ಎನ್ನುತ್ತಾರೆ. ನಾವು ಬಲ್ಲ ಕಾಲ್ಚೆಂಡಾಟ ಅದಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ತಲೆಗೆ ಶಿರಸ್ತ್ರಾಣ ತೊಟ್ಟು, ಒಬ್ಬರ ಮೇಲೊಬ್ಬರು ನುಗ್ಗುವ ಆಟ.

ಗ್ಯಾಲಪ್ ಸಂಸ್ಥೆ ಅಮೆರಿಕನ್ನರನ್ನು ಹಲವು ದಶಕಗಳಿಂದ ಒಂದೇ ಪ್ರಶ್ನೆ ಕೇಳುತ್ತಿದೆ: ನೋಡಲು ನಿಮಗೆ ಅತ್ಯಂತ ಇಷ್ಟವಾದ ಆಟ ಯಾವುದು? 1960ರಲ್ಲಿ ಶೇಕಡ 34 ಮಂದಿ ಬೇಸ್‌ಬಾಲ್ ಎಂದರು, 21 ಮಂದಿ ಫುಟ್‌ಬಾಲ್ ಎಂದರು. 1972ರ ಹೊತ್ತಿಗೆ ಫುಟ್‌ಬಾಲ್ ಮುಂದಾಗಿತ್ತು. 2023ರ ಕೊನೆಯಲ್ಲಿ ಕೇಳಿದಾಗ ಫುಟ್‌ಬಾಲ್ ಎಂದವರು ಶೇಕಡ 41; ಬೇಸ್‌ಬಾಲ್ ಎಂದವರು ಕೇವಲ 10.

ಇಷ್ಟನ್ನೇ ನೋಡಿದರೆ ಬೇಸ್‌ಬಾಲ್ ಕಥೆ ಮುಗಿಯಿತು ಎನ್ನಿಸುತ್ತದೆ. ಆದರೆ 2024ರಲ್ಲಿ ಬೇಸ್‌ಬಾಲ್ ಮೈದಾನಗಳಿಗೆ ಟಿಕೆಟ್ ಕೊಂಡು ಬಂದವರು 7 ಕೋಟಿ 10 ಲಕ್ಷಕ್ಕೂ ಹೆಚ್ಚು. ಫುಟ್‌ಬಾಲ್ ಋತುವಿಗೆ ಬರುವವರು 2 ಕೋಟಿಗೂ ಕಡಿಮೆ. ಜನ ಮೈದಾನಕ್ಕೆ ಬರುತ್ತಾರೆ, ಆದರೆ ದೇಶವೆಲ್ಲ ಒಟ್ಟಿಗೆ ಟಿ.ವಿ. ಮುಂದೆ ಕೂರುವುದಿಲ್ಲ. ಇದೇಕೆ ಹೀಗೆ? ಈ ಹೊತ್ತು ನಾನು ವಿಚಾರ ಮಾಡಬೇಕೆಂದಿರುವುದು ಇದನ್ನೇ.

ಟಿ.ವಿ. ಹುಟ್ಟಿದಾಗ ಅದರ ಮುದ್ದಿನ ಕೂಸು ಬೇಸ್‌ಬಾಲೇ ಆಗಿತ್ತು. 1939ರ ಆಗಸ್ಟ್ 26ರಂದು ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್‌ನಲ್ಲಿ ಎರಡು ಕ್ಯಾಮೆರಾ ಇಟ್ಟು, ಪ್ರಮುಖ ಲೀಗ್‌ನ ಪಂದ್ಯವೊಂದನ್ನು ಮೊದಲ ಬಾರಿಗೆ ಪ್ರಸಾರ ಮಾಡಿದರು. ಆಗ ನ್ಯೂಯಾರ್ಕ್ ಸುತ್ತಮುತ್ತ ಇದ್ದದ್ದು ಕೆಲವೇ ನೂರು ಟಿ.ವಿ.ಗಳು. 1947ರಲ್ಲಿ ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಪರದೆಯ ಮೇಲೆ ಬಂತು. ಮನೆಗಳಲ್ಲಿ ಟಿ.ವಿ. ಅಪರೂಪವಾಗಿದ್ದರಿಂದ ಹೆಚ್ಚಿನವರು ಅದನ್ನು ನೋಡಿದ್ದು ಮದ್ಯದಂಗಡಿಗಳಲ್ಲಿ ನಿಂತು. ಬೇಸ್‌ಬಾಲ್ ನೋಡಬೇಕೆಂದೇ ಎಷ್ಟೋ ಸಂಸಾರಗಳು ಟಿ.ವಿ. ಕೊಂಡವು.

ಈ ಸ್ನೇಹಕ್ಕೆ ಮೊದಲು ಬೆಲೆ ತೆತ್ತವರು ಸಣ್ಣ ಊರುಗಳವರು. ಆಗ ಅಮೆರಿಕದ ನೂರಾರು ಪುಟ್ಟ ಪಟ್ಟಣಗಳಲ್ಲಿ ಮೈನರ್ ಲೀಗ್ ಎಂಬ ಕೆಳಹಂತದ ತಂಡಗಳಿದ್ದವು. 1949ರಲ್ಲಿ ಆ ಆಟಗಳಿಗೆ ಸುಮಾರು 4 ಕೋಟಿ ಜನ ಬಂದಿದ್ದರು. 1960ರ ದಶಕದ ಆರಂಭಕ್ಕೆ ಅದು ಸುಮಾರು 1 ಕೋಟಿಗೆ ಇಳಿಯಿತು. ನ್ಯೂಯಾರ್ಕ್‌ನ ಆಟವೇ ಮನೆಗೆ ಬರುವಾಗ ಊರಿನ ಹುಡುಗರ ಆಟ ಯಾರಿಗೆ ಬೇಕು? ಕಾರು, ಹೊಸ ಬಡಾವಣೆ, ಹವಾನಿಯಂತ್ರಣ ಇವೂ ಜನರನ್ನು ಮೈದಾನದಿಂದ ದೂರ ಮಾಡಿದವು ನಿಜ. ಆದರೆ ಟಿ.ವಿ.ಯ ಪಾಲು ದೊಡ್ಡದು.

ಅದೇ ಕಾಲಕ್ಕೆ ಫುಟ್‌ಬಾಲ್ ಪರದೆಗೆ ಬಂತು. 1958ರ ಡಿಸೆಂಬರ್ 28ರಂದು ಬಾಲ್ಟಿಮೋರ್ ಕೋಲ್ಟ್ಸ್ ತಂಡ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಹೆಚ್ಚುವರಿ ವೇಳೆಯಲ್ಲಿ 23–17ರಿಂದ ಸೋಲಿಸಿದ ಪಂದ್ಯ ದೇಶಕ್ಕೆಲ್ಲ ಆ ಆಟದ ರುಚಿ ಹತ್ತಿಸಿತು.

ಫುಟ್‌ಬಾಲ್ ಟಿ.ವಿ.ಗೆ ಹೇಳಿ ಮಾಡಿಸಿದಂತಿತ್ತು. ಅದರ ಮೈದಾನ ಪರದೆಯಂತೆಯೇ ಚೌಕಟ್ಟಾದುದು. ಚೆಂಡು ಇರುವ ಕಡೆಗೇ ಆಟವೆಲ್ಲ ಇರುತ್ತದೆ. ಕ್ಯಾಮೆರಾ ಅದರ ಹಿಂದೆ ಹೋದರೆ ಸಾಕು. ಪ್ರತಿ ನುಗ್ಗಾಟದ ನಂತರ ಬಿಡುವು. ಆ ಬಿಡುವಿನಲ್ಲಿ ನಡೆದುದನ್ನು ಮತ್ತೆ ತೋರಿಸಬಹುದು. 1963ರ ಡಿಸೆಂಬರ್‌ನಲ್ಲಿ ಸೇನೆ ಮತ್ತು ನೌಕಾಪಡೆಯ ಶಾಲೆಗಳ ನಡುವಿನ ಪಂದ್ಯದಲ್ಲಿ ಈ ಮರುಪ್ರದರ್ಶನದ ತಂತ್ರ ಮೊದಲು ಬಂದದ್ದು ಆಕಸ್ಮಿಕವೇನಲ್ಲ.

ಬೇಸ್‌ಬಾಲ್ ಹಾಗಲ್ಲ. ಬ್ಯಾಟಿಗೆ ತಗುಲಿದ ಚೆಂಡು ಒಂದು ಕಡೆ ಹಾರುತ್ತದೆ, ಓಡುವವನು ಇನ್ನೊಂದು ಕಡೆ ಓಡುತ್ತಾನೆ, ಚೆಂಡು ಹಿಡಿಯುವವರು ಹೊಡೆಯುವವನ ಸ್ವಭಾವ ಅರಿತು ಮೊದಲೇ ಜಾಗ ಬದಲಿಸಿರುತ್ತಾರೆ. ಮೈದಾನದಲ್ಲಿ ಕುಳಿತವನಿಗೆ ಇದೆಲ್ಲ ಒಂದೇ ನೋಟಕ್ಕೆ ದಕ್ಕುತ್ತದೆ. ಟಿ.ವಿ.ಯವನಿಗೆ ಬಹುಪಾಲು ಕಾಣುವುದು ಪಿಚರ್, ಅಂದರೆ ಚೆಂಡೆಸೆಯುವವನ ಬೆನ್ನು, ಆಚೆಗೆ ಬ್ಯಾಟುಗಾರ. ಬೇಸ್‌ಬಾಲ್‌ಗೆ ರೇಡಿಯೊ ಹೆಚ್ಚು ಒಗ್ಗಿದ್ದು ಇದರಿಂದಲೇ. ಟೆಸ್ಟ್ ಪಂದ್ಯದ ವೀಕ್ಷಕ ವಿವರಣೆಯನ್ನು ಟ್ರಾನ್ಸಿಸ್ಟರಿನಲ್ಲಿ ಕೇಳುತ್ತ ಮನೆಗೆಲಸ ಮುಗಿಸುತ್ತಿದ್ದ ನಮ್ಮವರಿಗೆ ಈ ಮಾತು ಬೇಗ ಅರ್ಥವಾದೀತು.

ಒಂದು ತಮಾಷೆಯ ಲೆಕ್ಕ ಕೇಳಿ. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯವರು ಗಡಿಯಾರ ಹಿಡಿದು ಎಣಿಸಿದರು. ಮೂರು ಗಂಟೆಯ ಫುಟ್‌ಬಾಲ್ ಪ್ರಸಾರದಲ್ಲಿ ನಿಜವಾಗಿ ಆಟ ನಡೆಯುವುದು ಸುಮಾರು 11 ನಿಮಿಷ. ಬೇಸ್‌ಬಾಲ್‌ನಲ್ಲಿ ಸುಮಾರು 18 ನಿಮಿಷ. ಆದರೂ ನಿಧಾನದ ಆಟವೆಂಬ ಅಪವಾದ ಬಂದದ್ದು ಬೇಸ್‌ಬಾಲ್‌ಗೆ! ಹಾಗಾಗಿ ಆಟದ ವೇಗವೊಂದರಿಂದಲೇ ಈ ಕಥೆ ಬಿಡಿಸಲಾಗದು.

ಹೆಚ್ಚು ಮುಖ್ಯವಾದದ್ದು ಪಂದ್ಯಗಳ ಸಂಖ್ಯೆ ಮತ್ತು ಹಣದ ಹಂಚಿಕೆ. ಫುಟ್‌ಬಾಲ್ ತಂಡವೊಂದು ಋತುವಿಗೆ ಆಡುವುದು 17 ಪಂದ್ಯ. ಬೇಸ್‌ಬಾಲ್ ತಂಡ ಆಡುವುದು 162. ಫುಟ್‌ಬಾಲ್ ವಾರದ ಸಂತೆಯಿದ್ದಂತೆ, ಎಲ್ಲರೂ ಸೇರುತ್ತಾರೆ. ಬೇಸ್‌ಬಾಲ್ ದಿನದ ಊಟವಿದ್ದಂತೆ. ಇವತ್ತು ತಪ್ಪಿದರೆ ನಾಳೆ ಇದ್ದೇ ಇದೆ. ಫುಟ್‌ಬಾಲ್‌ನ ಪಟ್ಟ ನಿರ್ಧಾರವಾಗುವುದು ಸೂಪರ್ ಬೌಲ್ ಎಂಬ ಒಂದೇ ಪಂದ್ಯದಲ್ಲಿ. ವರ್ಲ್ಡ್ ಸೀರೀಸ್ ಏಳು ಪಂದ್ಯದವರೆಗೂ ಎಳೆಯಬಹುದು.

ಹಣದ ವಿಚಾರಕ್ಕೆ ಬರೋಣ. ಫುಟ್‌ಬಾಲ್ ಲೀಗ್‌ನ ಮುಖ್ಯಸ್ಥರಾಗಿದ್ದ ಪೀಟ್ ರೋಜೆಲ್ ಎಲ್ಲ ತಂಡಗಳ ಪ್ರಸಾರದ ಹಕ್ಕನ್ನು ಒಟ್ಟಾಗಿ ಮಾರಿ, ಬಂದ ಹಣವನ್ನು ಸಮನಾಗಿ ಹಂಚಬೇಕೆಂದು ಮಾಲೀಕರನ್ನು ಒಪ್ಪಿಸಿದರು. 1961ರಲ್ಲಿ ಅಮೆರಿಕದ ಸಂಸತ್ತು ಇದಕ್ಕೆ ಅವಕಾಶ ಕೊಡುವ ಕಾನೂನು ಮಾಡಿತು. ಅದರಿಂದ ಲಕ್ಷದಷ್ಟು ಜನಸಂಖ್ಯೆಯ ಗ್ರೀನ್ ಬೇ ಪಟ್ಟಣಕ್ಕೂ ನ್ಯೂಯಾರ್ಕಿನಷ್ಟೇ ಪಾಲು. ಯಾವ ಊರಿನ ತಂಡವಾದರೂ ಗೆಲ್ಲಬಹುದು ಎಂದಾದಾಗ ದೇಶವೆಲ್ಲ ನೋಡಿತು. ಅದೇ ಕಾನೂನು ಬೇಸ್‌ಬಾಲ್‌ಗೂ ಅನ್ವಯಿಸುತ್ತಿತ್ತು. ಆದರೆ ಬೇಸ್‌ಬಾಲ್ ಮಾಲೀಕರು ಸ್ಥಳೀಯ ಪ್ರಸಾರದ ಹಕ್ಕನ್ನು ತಮ್ಮ ತಮ್ಮ ಕೈಯಲ್ಲೇ ಇಟ್ಟುಕೊಂಡರು. ದೊಡ್ಡ ನಗರದ ತಂಡ ಶ್ರೀಮಂತವಾಯಿತು, ಸಣ್ಣ ನಗರದ್ದು ಬಡವಾಯಿತು. ಜನ ತಮ್ಮ ಊರಿನ ತಂಡವನ್ನಷ್ಟೇ ನೋಡುತ್ತ, ಅದು ಸೋತು ಹೊರಬಿದ್ದ ಕೂಡಲೇ ಟಿ.ವಿ. ಆರಿಸುವುದನ್ನು ರೂಢಿ ಮಾಡಿಕೊಂಡರು.

ಪರಿಣಾಮ ಅಂಕಿಗಳಲ್ಲಿದೆ. 1978ರ ವರ್ಲ್ಡ್ ಸೀರೀಸ್ ನೋಡಿದವರು ಪಂದ್ಯಕ್ಕೆ ಸರಾಸರಿ 4 ಕೋಟಿ 40 ಲಕ್ಷ. 2023ರಲ್ಲಿ ಅದು ಸುಮಾರು 91 ಲಕ್ಷಕ್ಕೆ ಕುಸಿಯಿತು. 2024ರ ಫೆಬ್ರುವರಿಯ ಸೂಪರ್ ಬೌಲ್ ನೋಡಿದವರು 12 ಕೋಟಿಗೂ ಮಿಕ್ಕು. 1998ರಲ್ಲಿ, ಮೈಕೆಲ್ ಜೋರ್ಡನ್ ಕಾಲದಲ್ಲಿ, ಬ್ಯಾಸ್ಕೆಟ್‌ಬಾಲ್ ಅಂತಿಮ ಸರಣಿ ಕೂಡ ವರ್ಲ್ಡ್ ಸೀರೀಸನ್ನು ಹಿಂದೆ ಹಾಕಿತ್ತು.

ಬೇಸ್‌ಬಾಲ್ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡದ್ದೂ ಉಂಟು. ಮೊದಲು ವರ್ಲ್ಡ್ ಸೀರೀಸ್ ಹಗಲು ನಡೆಯುತ್ತಿತ್ತು. ಮಕ್ಕಳು ಶಾಲೆಯಿಂದ ಓಡಿ ಬಂದು ನೋಡುತ್ತಿದ್ದರು. ಜಾಹೀರಾತಿನ ಹಣಕ್ಕಾಗಿ 1971ರಲ್ಲಿ ಮೊದಲ ರಾತ್ರಿ ಪಂದ್ಯ ಆಡಿಸಿದರು. 1987ರ ನಂತರ ಹಗಲು ಪಂದ್ಯವೇ ಇಲ್ಲ. ಪೂರ್ವ ಕರಾವಳಿಯ ಮಕ್ಕಳು ಮಲಗಿದ ಮೇಲೆ ಪಂದ್ಯ ತೀರ್ಮಾನವಾಗತೊಡಗಿತು. 1994ರಲ್ಲಿ ಆಟಗಾರರ ಮುಷ್ಕರದಿಂದ ವರ್ಲ್ಡ್ ಸೀರೀಸೇ ರದ್ದಾಯಿತು. ಎರಡು ಮಹಾಯುದ್ಧಗಳೂ ಮಾಡದ ಕೆಲಸವನ್ನು ಹಣದ ಜಗಳ ಮಾಡಿತು.

ಆಮೇಲೆ ಕೇಬಲ್ ಬಂತು. ಲಾಸ್ ಏಂಜಲಿಸ್‌ನ ಡಾಡ್ಜರ್ಸ್ ತಂಡದ ಕಥೆ ಇಲ್ಲಿ ನೆನೆಯಬೇಕು. ಅದರ ವೀಕ್ಷಕ ವಿವರಣೆಗಾರ ವಿನ್ ಸ್ಕಲಿ 1950ರಿಂದ ಆ ತಂಡದ ದನಿಯಾಗಿದ್ದರು. ಅವರ ಮಾತು ಕೇಳಬೇಕೆಂದು ಜನ ಮೈದಾನಕ್ಕೂ ಟ್ರಾನ್ಸಿಸ್ಟರ್ ತರುತ್ತಿದ್ದರು. 2013ರಲ್ಲಿ ತಂಡದವರು ಪ್ರಸಾರದ ಹಕ್ಕನ್ನು 25 ವರ್ಷಗಳಿಗೆ 800 ಕೋಟಿ ಡಾಲರಿಗೂ ಮೀರಿ ಮಾರಿದರು. ಆ ಹೊಸ ವಾಹಿನಿಯನ್ನು ಅಷ್ಟು ದುಬಾರಿ ಬೆಲೆಗೆ ಕೊಳ್ಳಲು ಉಳಿದ ಕೇಬಲ್ ಕಂಪನಿಗಳು ಒಪ್ಪಲಿಲ್ಲ. 2014ರಿಂದ 2020ರವರೆಗೆ ಆ ನಗರದ ಬಹುಪಾಲು ಮನೆಗಳಿಗೆ ತಮ್ಮದೇ ತಂಡ ಕಾಣಲಿಲ್ಲ. ಸ್ಕಲಿ 2016ರಲ್ಲಿ, 67 ಋತುಗಳ ನಂತರ, ನಿವೃತ್ತರಾದರು. ಅವರ ಕೊನೆಯ ಕೆಲವು ಪಂದ್ಯಗಳನ್ನು ಎಲ್ಲರಿಗೂ ಸಿಗುವ ವಾಹಿನಿಯಲ್ಲಿ ತೋರಿಸಲು ವಿಶೇಷ ಏರ್ಪಾಡೇ ಬೇಕಾಯಿತು.

ಇತ್ತೀಚೆಗೆ ಬೇಸ್‌ಬಾಲ್ ತನ್ನನ್ನು ತಿದ್ದಿಕೊಳ್ಳುತ್ತಿದೆ. 2023ರಿಂದ ಪಿಚರ್ ಮುಂದೆ ಗಡಿಯಾರ ಬಂದಿದೆ. ನಿಗದಿತ ಕ್ಷಣಗಳೊಳಗೆ ಚೆಂಡು ಎಸೆಯಬೇಕು. ಮೂರು ಗಂಟೆ ಮೀರುತ್ತಿದ್ದ ಪಂದ್ಯ ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿದಿದೆ. ಅದೇ ವರ್ಷ ಸ್ಥಳೀಯ ಕ್ರೀಡಾ ವಾಹಿನಿಗಳ ದೊಡ್ಡ ಕಂಪನಿಯೊಂದು ದಿವಾಳಿ ಅರ್ಜಿ ಹಾಕಿದಾಗ, ಲೀಗ್ ತಾನೇ ಕೆಲವು ತಂಡಗಳ ಪಂದ್ಯಗಳನ್ನು ತೋರಿಸತೊಡಗಿತು. 2024ರಲ್ಲಿ ಶೋಹೆ ಒಹ್ತಾನಿ ಆಡಿದ ವರ್ಲ್ಡ್ ಸೀರೀಸನ್ನು ಜಪಾನಿನಲ್ಲಿ ಬೆಳಗಿನ ಹೊತ್ತೇ ಸರಾಸರಿ 1 ಕೋಟಿಗೂ ಹೆಚ್ಚು ಜನ ನೋಡಿದರು. 2025ರ ಏಳನೆಯ ಪಂದ್ಯವನ್ನು ಅಮೆರಿಕದಲ್ಲೇ ಎರಡೂವರೆ ಕೋಟಿಗೂ ಹೆಚ್ಚು ಮಂದಿ ನೋಡಿದರು.

ಈ ಕಥೆಯಿಂದ ನನಗೆ ತೋರುವುದಿಷ್ಟು. ಟಿ.ವಿ. ಅಂಕಿಗಳು ಒಂದು ಗಳಿಗೆಯಲ್ಲಿ ಎಷ್ಟು ಜನ ಸೇರಿದರು ಎಂಬುದನ್ನು ಎಣಿಸುತ್ತವೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ದಿನವೂ ಆಟದ ಜೊತೆ ಬದುಕುವವರ ಪ್ರೀತಿ ಆ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಎರಡನೆಯ ಸ್ಥಾನ, ಮೂರನೆಯ ಸ್ಥಾನ ಎಂದು ಬೇಸ್‌ಬಾಲ್ ಅಂಜಬೇಕಿಲ್ಲ. ಅಂಜಬೇಕಾದದ್ದು ಬೇರೆಯದಕ್ಕೆ: ಆಟವನ್ನು ಹೆಚ್ಚು ಬೆಲೆ ಕೊಟ್ಟವನಿಗೆ ಮಾರುವ ಭರದಲ್ಲಿ, ಕಾಸಿಲ್ಲದ ಹುಡುಗನ ಕಣ್ಣಿಗೆ ಅದು ಬೀಳದಂತೆ ಮಾಡುವುದಕ್ಕೆ. ಹತ್ತನೆಯ ವಯಸ್ಸಿನಲ್ಲಿ ಆಟ ನೋಡದವನು ನಲವತ್ತರಲ್ಲಿ ಟಿಕೆಟ್ ಕೊಳ್ಳುವುದು ಕಷ್ಟ. ಪ್ರಸಾರದ ಹಕ್ಕನ್ನು ಸಾವಿರಾರು ಕೋಟಿಗೆ ಹರಾಜು ಹಾಕುವ ಯಾವ ದೇಶದ ಯಾವ ಆಟಕ್ಕಾದರೂ ಈ ಮಾತು ಸಲ್ಲುತ್ತದೆ.